ಸಮಸ್ಯಾಪೂರಣ: ‘ಬಿಡುವಿಲ್ಲದವ’ ಅಂದರೆ ಯಾರು?

ಈ ಸಲ ಮಾತಿಗೆ ಕುಟುಕುವ ಅರ್ಥ ಹೇಳುವ ಆಟ. ಸಮಸ್ಯೆ ಅಂದರೆ ಒಗಟಿನಂಥ ಕೊನೆಯ ಸಾಲು, ಪೂರಣ ಅಂದರೆ ಅದಕ್ಕೆ ಅರ್ಥ ಕೂಡುವಂತೆ ಉಳಿದ ಪದ್ಯ ತುಂಬಿಸುವುದು. ಕೊಟ್ಟ ಕೊನೆಯ ಸಾಲು ಇದು:

ಬಿಡುವಿಲ್ಲದವನೆಂದರೇನನೂ ಮಾಡದವ

ಸಾಲಿಗೆ ಐದು ಮಾತ್ರೆಯ ನಾಲ್ಕು ಗಣ (ಮಾತ್ರೆ ಅಂದರೆ ಒಂದು ಹ್ರಸ್ವ ಅಕ್ಷರ ಹೇಳುವಷ್ಟು ಹೊತ್ತು, ಗಣ ಅಂದರೆ ಮಾತ್ರೆಗಳ ಗುಂಪು). ಎಲ್ಲ ಸಾಲಿಗೂ ಎರಡನೇ ಅಕ್ಷರ ‘ಡ’ಕಾರದ ಪ್ರಾಸ, ಮೊದಲಕ್ಷರ ಲಘು, ಅಂದರೆ ಒಂದು ಮಾತ್ರೆಯದು. ಮೇಲಿನ ಮೂರು ಸಾಲು ನಿಮ್ಮದು. ಬಿಡುವೇ ಇಲ್ಲದವನು ಏನೂ ಮಾಡದವನು ಹೇಗಾದಾನು? ಆ ಗಂಟನ್ನು ಬಿಡಿಸಬೇಕು.

ಪೂರಣ 1

ಕೈಯಲ್ಲಿ ಫೋನ್ ಹಿಡಿದು ಗಡಿಯಾರ ನೋಡುವನು,
ಕಡತವನು ತೆರೆತೆರೆದು ಮುಚ್ಚಿಡುವ ದಿನವೆಲ್ಲ,
ನುಡಿಸಿದರೆ ನಿಟ್ಟುಸಿರು, ಪುರುಸೊತ್ತೆ ಇಲ್ಲೆಂಬ,
ಬಿಡುವಿಲ್ಲದವನೆಂದರೇನನೂ ಮಾಡದವ!

‘ತೆರೆತೆರೆದು ಮುಚ್ಚಿಡುವ’ ಅನ್ನುವಲ್ಲಿ ಆ ಮನುಷ್ಯ ಕಣ್ಣೆದುರೇ ಕೂತ ಹಾಗಾಯಿತು. ಮೊದಲ ಸಾಲಿನ ಮಾತ್ರೆ ಸರಿ ಇದೆ, ಪ್ರಾಸ ಮಾತ್ರ ತಪ್ಪಿದೆ. ‘ಕೈ’ ಗುರು, ಅಂದರೆ ಎರಡು ಮಾತ್ರೆ; ಆಮೇಲೆ ಬಂದದ್ದು ‘ಡ’ ಅಲ್ಲ, ‘ಯ’. ಹೊಸ ಪದ ಹುಡುಕೋದೇ ಬೇಡ. ಸಾಲಿನ ಎರಡು ತುಂಡನ್ನು ಅದಲುಬದಲು ಮಾಡಿ: ‘ಗಡಿಯಾರ ನೋಡುವನು ಕೈಯಲ್ಲಿ ಫೋನ್ ಹಿಡಿದು’. ಪ್ರಾಸ ತಾನಾಗಿ ಬಂತು, ಅಲ್ವಾ?

ಪೂರಣ 2

ಅಡುಗೆಮನೆ, ಕಸಬರಿಕೆ, ಬಟ್ಟೆಬರೆ, ಪಾತ್ರೆಗಳು,
ನಡು ಬಗ್ಗಿ ದುಡಿದರೂ ಸಂಬಳವೆ ಇಲ್ಲದಿರೆ,
ಪಡಸಾಲೆಯಲಿ ಬಂದು ಕೂತವರ ಲೆಕ್ಕದಲಿ
ಬಿಡುವಿಲ್ಲದವನೆಂದರೇನನೂ ಮಾಡದವ!

ಇದನ್ನು ಓದಿ ಸ್ವಲ್ಪ ಹೊತ್ತು ಸುಮ್ನೆ ಕೂತೆ. ಸಾಲು ಅದೇ, ಒಂದಕ್ಷರವೂ ಬದಲಾಗಿಲ್ಲ. ಆದರೆ ಮೊದಲ ಪದ್ಯದಲ್ಲಿ ಪೆಟ್ಟು ಬಿದ್ದದ್ದು ಬಿಡುವಿಲ್ಲ ಅನ್ನುವವನ ಮೇಲೆ. ಇಲ್ಲಿ ಬಿದ್ದದ್ದು ಅವನನ್ನು ಅಳೆಯಲು ಕೂತವರ ಮೇಲೆ. ‘ಲೆಕ್ಕದಲಿ’ ಅನ್ನೋ ಒಂದೇ ಪದ ಇಡೀ ಅರ್ಥವನ್ನು ತಿರುಗಿಸಿಬಿಟ್ಟಿತು. ಮನೆಗೆಲಸ ಮಾಡುವವರನ್ನು ‘ಏನೂ ಮಾಡ್ತಿಲ್ಲ’ ಅನ್ನುವುದು ನನಗೆ ಯಾವತ್ತೂ ಸಹಿಸದ ಮಾತು. ಅದಕ್ಕೇ ಈ ಪೂರಣ ನನಗೆ ಜಾಸ್ತಿ ಹಿಡಿಸಿತು.

ಒಬ್ಬರು ಕೇಳಿದ್ದರು: ಕುಟುಕುವ ಅರ್ಥ ಹೇಳಲು ಪದ್ಯ ಯಾಕೆ, ಗದ್ಯದ ಒಂದು ಸಾಲು ಸಾಲದೇ? ಅಮೆರಿಕದ ಲೇಖಕ ಆಂಬ್ರೋಸ್ ಬಿಯರ್ಸ್ ಇಂಥ ಅರ್ಥಗಳನ್ನು ಒಟ್ಟುಮಾಡಿ 1906ರಲ್ಲಿ ಪುಸ್ತಕ ತಂದ. 1911ರಲ್ಲಿ ಅದು ‘ದಿ ಡೆವಿಲ್ಸ್ ಡಿಕ್ಷನರಿ’ ಎಂಬ ಹೆಸರಲ್ಲಿ ಬಂತು. ಅದರಲ್ಲೂ ಎಷ್ಟೋ ಪದಗಳ ಅರ್ಥದ ಕೆಳಗೆ ಪದ್ಯಗಳಿವೆ. ಗದ್ಯದಲ್ಲಿ ಅರ್ಥ ಒಂದೇ ಏಟಿಗೆ ಮುಗಿಯುತ್ತದೆ. ಸಮಸ್ಯೆಯಲ್ಲಿ ಮೂರು ಸಾಲು ಕಾಯಿಸಿ, ಆಗಲೇ ಗೊತ್ತಿರುವ ಸಾಲನ್ನೇ ಹೊಸದಾಗಿ ಕೇಳಿಸಬಹುದು. ಎರಡನೇ ಪೂರಣ ಮಾಡಿದ್ದು ಅದನ್ನೇ.

ಮುಂದಿನ ಸಾಲು:

ರಜೆಯೆಂದರೆಲ್ಲರಿಗು ಕೆಲಸ ಹೆಚ್ಚಿಸುವ ದಿನ

‘ಜ’ಕಾರದ ಪ್ರಾಸ, ಸ್ವಲ್ಪ ಕಷ್ಟವೇ. ನಿಜ, ಮಜ, ಸಜೆ, ಗಜಿಬಿಜಿ – ಇಷ್ಟು ನನಗೆ ಹೊಳೆದಿವೆ. ಉಳಿದದ್ದು ನೀವು ಹುಡುಕಿ, ಭಾನುವಾರದೊಳಗೆ ಬರೆಯಿರಿ.