ತೋಟದ ಕೆರೆ ಏರಿ ಬುಡದಲ್ಲಿ ನೀರು ಜಿನುಗ್ತಿದೆ, ಮಳೆಗಾಲಕ್ಕೆ ಮುಂಚೆ ಏನ್ ಮಾಡ್ಬೇಕು?

ಹೂಮಳೆ:
ಸಕಲೇಶಪುರ ಕಡೆ ನಮ್ಮ ಕಾಫಿ ತೋಟ. ಅಪ್ಪ 30 ವರ್ಷದ ಹಿಂದೆ ಹಳ್ಳಕ್ಕೆ ಅಡ್ಡ ಮಣ್ಣಿನ ಏರಿ ಹಾಕ್ಸಿ ಕೆರೆ ಮಾಡಿದ್ರು, ಎತ್ತರ ಹೆಚ್ಚುಕಮ್ಮಿ 22 ಅಡಿ. ಈ ಸಲ ಮಾರ್ಚಲ್ಲೇ ಮಳೆ ಸಿಕ್ಕಿದ್ರಿಂದ ಸ್ಪ್ರಿಂಕ್ಲರ್ ಜಾಸ್ತಿ ಹೊಡೀಲಿಲ್ಲ, ಮುಕ್ಕಾಲು ಕೆರೆ ನೀರು ಹಂಗೇ ಇದೆ. ಈಗ ಏರಿ ಹಿಂದುಗಡೆ ಬುಡದಲ್ಲಿ ಹಳೇ ಪೈಪ್ ಹೊರಗೆ ಬರೋ ಜಾಗದ ಪಕ್ಕ ನೆಲ ಹಸಿ, ಕಾಲಿಟ್ರೆ ಹೂತ್ಕೊಳುತ್ತೆ. ಮೇಸ್ತ್ರಿ ಸಿಮೆಂಟ್ ಹಾಕಿ ಮುಚ್ಚೋಣ ಅಂತಾರೆ. ಕೆಳಗೆ ತೋಟದ ಕೆಲಸಗಾರರ ಆರು ಲೈನ್ ಮನೆ ಇದಾವೆ, ಮಕ್ಕಳಿದಾರೆ, ನಿದ್ದೆ ಬರ್ತಿಲ್ಲ.

ತೂಬುಗಲ್ಲು:
ಸಣ್ಣ ನೀರಾವರಿಯಲ್ಲಿ ಕೆಲ್ಸ ಮಾಡಿ ರಿಟೈರ್ ಆದವನು ನಾನು. ದಯವಿಟ್ಟು ಸಿಮೆಂಟ್ ಹಾಕ್ಬೇಡಿ. ಒಳಗಿನ ನೀರು ಬೇರೆ ದಾರಿ ಹುಡುಕುತ್ತೆ ಅಷ್ಟೇ, ನಿಮಗೆ ಕಾಣೋದೂ ನಿಂತೋಗುತ್ತೆ. ಪೈಪ್ ಅಡಿ ಮಣ್ಣು ಸರಿಯಾಗಿ ದಮ್ಮಸ್ಸು ಆಗಿರಲ್ಲ, ಸೋರಿಕೆ ಶುರುವಾಗೋದು ಅಲ್ಲೇ ಜಾಸ್ತಿ. ದಿನಾ ಗಾಜಿನ ಬಾಟ್ಲಲ್ಲಿ ಆ ನೀರು ಹಿಡಿದಿಡಿ. ತಿಳಿ ಇದ್ರೆ ಟೈಮ್ ಇದೆ. ತಳದಲ್ಲಿ ಮಣ್ಣು ಕೂತ್ರೆ ನೀರು ಏರಿಯ ಮಣ್ಣನ್ನೇ ಕೊರ್ಕೊಂಡು ಬರ್ತಿದೆ ಅಂತ, ಅವತ್ತೇ ಲೈನ್ ಮನೆ ಖಾಲಿ ಮಾಡ್ಸಿ. ಹಸಿ ಜಾಗದ ಮೇಲೆ ಮರಳು, ಅದ್ರ ಮೇಲೆ ಸಣ್ಣ ಜಲ್ಲಿ, ಆಮೇಲೆ ದಪ್ಪ ಜಲ್ಲಿ ಹಾಕಿ, ನೀರು ಹೋಗುತ್ತೆ ಮಣ್ಣು ನಿಲ್ಲುತ್ತೆ. ಪಂಪ್ ಹಾಕಿ ಕೆರೆ ಇಳಿಸಿ, ಆದ್ರೆ ದಿನಕ್ಕೆ ಒಂದಡಿ ಸಾಕು, ಒಂದೇ ಸಲ ಇಳಿಸಿದ್ರೆ ಒಳಮೈ ನೆನೆದ ಮಣ್ಣು ಕುಸಿಯುತ್ತೆ.

ಮೂಡಿಗೆರೆಯವ:
ಕೋಡಿನೂ ನೋಡಿ, ಅದೇ ಕೆರೆ ತುಂಬಿದ್ಮೇಲೆ ಹೆಚ್ಚಿನ ನೀರು ಹೊರಗೆ ಹೋಗೋ ದಾರಿ. ನೀರು ಜಾಸ್ತಿ ನಿಲ್ಲಲಿ ಅಂತ ನಾನು ಕೋಡಿಗೆ ಮರಳು ಚೀಲ ಜೋಡಿಸಿದ್ದೆ, ಜುಲೈನಲ್ಲಿ ಒಂದು ರಾತ್ರಿ ನೀರು ಏರಿಯ ತಲೆಗೆ ಗೇಣಷ್ಟೇ ಬಾಕಿ ಇತ್ತು, ಮಳೇಲಿ ಟಾರ್ಚ್ ಹಿಡ್ಕೊಂಡು ನಾಲ್ಕು ಜನ ಚೀಲ ಎಳೆದಿದ್ದು ಇವತ್ತಿಗೂ ಮರೆಯಲ್ಲ. ಮಣ್ಣಿನ ಏರಿ ಮೇಲೆ ನೀರು ಹತ್ತಿ ಹರಿದ್ರೆ ಮುಗೀತು. ಏರಿ ಮೇಲೆ ಸಿಲ್ವರ್ ಓಕ್ ನೆಟ್ಟಿದ್ದೂ ತಪ್ಪೇ, ಬೇರು ಕೊಳೆತ್ರೆ ಅದೇ ಕೊಳವೆ. ಏಡಿ ಬಿಲ, ಹೆಗ್ಗಣದ ಬಿಲನೂ ಹುಡುಕಿ.

ಗದ್ದೆಬಯಲು:
ಕಾನೂನಿನ ಮಾತು. 2021ರ ಅಣೆಕಟ್ಟು ಸುರಕ್ಷತಾ ಕಾಯ್ದೆ 15 ಮೀಟರ್‌ಗಿಂತ ಎತ್ತರದ್ದಕ್ಕೆ, 10ರಿಂದ 15 ಮೀಟರ್ ಇದ್ರೆ ಬೇರೆ ಕೆಲವು ಷರತ್ತಿವೆ. ನಿಮ್ಮದು ಏಳು ಮೀಟರೂ ಇಲ್ಲ, ಆ ಕಾಯ್ದೆ ಪ್ರಕಾರ ಯಾರೂ ಬಂದು ನೋಡಲ್ಲ. ಹಾಗಂತ ಹೊಣೆ ತಪ್ಪಲ್ಲ. ಖಾಸಗಿ ಕೆರೆ ನೀರು ಪಕ್ಕದವರ ಗಣಿಗೆ ನುಗ್ಗಿದ ರೈಲ್ಯಾಂಡ್ಸ್ ಮತ್ತು ಫ್ಲೆಚರ್ ಕೇಸಲ್ಲಿ 1868ರಲ್ಲೇ ಇಂಗ್ಲೆಂಡಲ್ಲಿ ತೀರ್ಪಾಗಿದೆ, ನೀರು ಕಟ್ಟಿಕೊಂಡವನೇ ಜವಾಬ್ದಾರ ಅಂತ, ನಮ್ಮ ಕೋರ್ಟುಗಳೂ ಅದನ್ನ ಎತ್ತಿ ಹೇಳಿವೆ. 2018ರ ಮೇನಲ್ಲಿ ಕೀನ್ಯಾದ ಸೊಲೈನಲ್ಲಿ ಖಾಸಗಿ ತೋಟದ ಮಣ್ಣಿನ ಕಟ್ಟೆ ರಾತ್ರಿ ಒಡೆದು 40ಕ್ಕಿಂತ ಹೆಚ್ಚು ಜನ ಸತ್ರು, ಮಕ್ಕಳೂ ಇದ್ರು.

ಹೂಮಳೆ:
ಮೂರು ದಿನ ಬಾಟ್ಲು ತಿಳಿ ಇತ್ತು, ನಿನ್ನೆ ಮಳೆ ಬಂದ್ಮೇಲೆ ತಳದಲ್ಲಿ ಕೆಂಪು ಮಣ್ಣು ಕೂತಿದೆ. ಲೈನ್‌ನವರನ್ನೆಲ್ಲ ಮೇಲಿನ ಗೋಡೌನ್‌ಗೆ ಕರ್ಕೊಂಡು ಬಂದೆ, ಪಕ್ಕದ ಗದ್ದೆಯವರಿಗೂ ಹೇಳ್ದೆ. ಎರಡು ಪಂಪ್ ಓಡ್ತಿದೆ. ಪೈಪ್ ಕಿತ್ತು ಹೊಸದು ಹಾಕೋದು ಮಳೆಗಾಲ ಆದ್ಮೇಲೇನಾ ಸಾರ್?

ತೂಬುಗಲ್ಲು:
ಹೌದು, ಬೇಸಿಗೇಲಿ ಕೆರೆ ಖಾಲಿ ಇದ್ದಾಗ, ಎಂಜಿನಿಯರ್ ಎದುರಲ್ಲೇ. ಈಗ ಕೋಡಿಯನ್ನ ಏರಿಯ ಆಚೆ ಗಟ್ಟಿ ನೆಲದಲ್ಲಿ ಅಗೆದು ಆಳ ಮಾಡ್ಸಿ, ಈ ಮಳೆಗಾಲ ಕೆರೆ ತುಂಬಲೇಬಾರದು. ಲೈನ್‌ನವರು ಅಲ್ಲಿವರೆಗೂ ಮೇಲೇ ಇರ್ಲಿ.