ಸೀನಾಯಿ ಒಡಂಬಡಿಕೆ: ಮನಸಾರೆ ಒಪ್ಪಿದ್ದಾ, ಹೆದರಿ ಒಪ್ಪಿದ್ದಾ?

ಪ್ರಶ್ನೆ:
ಬೈಬಲಿನ ವಿಮೋಚನಕಾಂಡ 24ನೇ ಅಧ್ಯಾಯ ಓದ್ತಾ ಇದ್ದೆ. ಸೀನಾಯಿ ಬೆಟ್ಟದ ಹತ್ತಿರ ದೇವರಿಗೂ ಇಸ್ರಾಯೇಲ್ ಜನರಿಗೂ ಒಡಂಬಡಿಕೆ, ಅಂದ್ರೆ ಒಪ್ಪಂದ, ಆಗೋ ಭಾಗ ಅದು. ಜನರ ನಾಯಕ ಮೋಶೆ ಬಲಿ ಕೊಟ್ಟ ಹೋರಿಗಳ ರಕ್ತದಲ್ಲಿ ಅರ್ಧ ಬಟ್ಟಲುಗಳಲ್ಲಿ ಹಿಡಿದಿಟ್ಟು, ಉಳಿದದ್ದನ್ನು ಯಜ್ಞವೇದಿಗೆ ಎರಚುತ್ತಾನೆ. ಆಮೇಲೆ ದೇವರ ನಿಯಮಗಳಿರೋ ಒಡಂಬಡಿಕೆಯ ಪುಸ್ತಕ ಓದಿ, ಜನ ಒಪ್ಪಿದ ಮೇಲೆ ಆ ಬಟ್ಟಲಿನ ರಕ್ತವನ್ನು ಅವರ ಮೇಲೂ ಚಿಮುಕಿಸುತ್ತಾನೆ. ನಿಜ ಹೇಳ್ತೀನಿ, ಮೈ ಜುಮ್ ಅಂತು. ಇಂಥ ಕಡೆ ನಿಂತವರು ‘ಇಲ್ಲ’ ಅನ್ನೋಕೆ ಆಗ್ತಿತ್ತಾ?

ಉತ್ತರ 1:
ಮೊದಲು ಕ್ರಮ ನೋಡಿ. ಸೀನಾಯಿಯಲ್ಲಿ ದೇವರು ಕೊಟ್ಟ ಹತ್ತು ಆಜ್ಞೆಗಳು ಶುರುವಾಗೋದೇ ‘ನಿನ್ನನ್ನು ಐಗುಪ್ತದ (ಈಜಿಪ್ಟಿನ) ದಾಸತ್ವದಿಂದ ಬಿಡಿಸಿದವನು ನಾನು’ ಅಂತ. ಬಿಡುಗಡೆ ಮೊದಲು, ನಿಯಮ ಆಮೇಲೆ. ಇನ್ನೊಂದು, ಜನ ಒಪ್ಪಿಕೊಳ್ಳುವಾಗ ಬಳಸೋ ಹೀಬ್ರೂ ಮಾತು ‘ಶಮಾ’ ಅಂದ್ರೆ ಕೇಳು ಅಂತಲೂ ಹೌದು, ಪಾಲಿಸು ಅಂತಲೂ ಹೌದು. ನಮ್ಮಲ್ಲೂ ‘ಅಮ್ಮನ ಮಾತು ಕೇಳು’ ಅಂದ್ರೆ ಬರೀ ಕಿವಿ ಕೊಡು ಅಂತಲ್ಲ, ಅಲ್ವಾ?

ಉತ್ತರ 2:
ಭಯ ಇರಲಿಲ್ಲ ಅಂತ ನಾನು ಹೇಳಲ್ಲ. ಬೈಬಲಿನದೇ ಇನ್ನೊಂದು ಪುಸ್ತಕ ಧರ್ಮೋಪದೇಶಕಾಂಡ 28ರಲ್ಲಿ ಮಾತು ಮೀರಿದರೆ ಆಕಾಶ ತಾಮ್ರ, ನೆಲ ಕಬ್ಬಿಣ ಆಗುತ್ತೆ, ಅಂದ್ರೆ ಮಳೆ ಬೆಳೆ ಇರಲ್ಲ, ಅನ್ನೋ ಶಾಪ ಇದೆ. ಅಸ್ಸೀರಿಯದ ರಾಜ ಏಸರ್‌ಹದ್ದೋನ್ ಕ್ರಿ.ಪೂ. 672ರಲ್ಲಿ ತನ್ನ ಅಧೀನದವರಿಂದ ಮಾಡಿಸಿದ ಪ್ರಮಾಣದಲ್ಲೂ ಹೆಚ್ಚುಕಮ್ಮಿ ಇದೇ ಶಾಪ. ಆದರೆ ಅಲ್ಲಿ ನಿಷ್ಠೆ ಸಲ್ಲಬೇಕಿದ್ದದ್ದು ರಾಜನ ವಾರಸುದಾರನಿಗೆ. ಇಲ್ಲಿ ದೇವರಿಗೆ. ಅದೂ ಮುಂದಿನ 29ನೇ ಅಧ್ಯಾಯದಲ್ಲಿ, ಸೀನಾಯಿ ಆದಮೇಲೆ ಮೋವಾಬ್ ನಾಡಲ್ಲಿ ಮತ್ತೆ ಒಡಂಬಡಿಕೆ ಮಾಡುವಾಗ, ಮುಖಂಡರಷ್ಟೇ ಅಲ್ಲ, ಹೆಂಗಸರು, ಮಕ್ಕಳು, ಸೌದೆ ಕಡಿಯೋರು, ನೀರು ಸೇದೋರು ಎಲ್ಲರೂ ನಿಂತಿದ್ದಾರೆ. ನನಗೆ ಅದು ತುಂಬಾ ದೊಡ್ಡದು ಅನ್ಸುತ್ತೆ.

ಪ್ರಶ್ನೆ ಕೇಳಿದವರು:
ನೀರು ಸೇದೋರು ಇರೋದನ್ನ ನಾನು ಗಮನಿಸಿರಲೇ ಇಲ್ಲ. ಬಡವನ ಹೊದಿಕೆಯನ್ನು ಅಡ ಇಟ್ಟುಕೊಂಡರೆ ಸೂರ್ಯ ಮುಳುಗೋದರೊಳಗೆ ವಾಪಸ್ ಕೊಡು ಅನ್ನೋ ನಿಯಮವೂ ಮೋಶೆ ಓದಿದ ಆ ಒಡಂಬಡಿಕೆಯ ಪುಸ್ತಕದ್ದು ತಾನೇ? ಇವತ್ತು ರಾತ್ರಿ ಮತ್ತೆ ವಿಮೋಚನಕಾಂಡ 22ರಿಂದ ಓದ್ತೀನಿ.