ರಸ್ತೆ ಖರ್ಚು ಯಾರು ಕೊಡಬೇಕು ಅಂತ ಆಡಂ ಸ್ಮಿತ್ ಹೇಳಿದ್ದಾನೆ?

ಪ್ರಶ್ನೆ: ಬಿ.ಎ. ಕೊನೇ ವರ್ಷ

ಎಲ್ಲರಿಗೂ ನಮಸ್ಕಾರ. ಅಪ್ಪ ಈರುಳ್ಳಿ ಲೋಡಿನ ಲಾರಿ ಓಡಿಸುತ್ತಾರೆ. ಮೊದಲು ಟೋಲ್ ಚೀಟಿಗಳಿಗೆ ರಬ್ಬರ್ ಬ್ಯಾಂಡ್ ಹಾಕಿ ತರುತ್ತಿದ್ದರು. ಈಗ ಫಾಸ್ಟ್‌ಟ್ಯಾಗ್ ಮೆಸೇಜು ಬರುತ್ತೆ. ರಾತ್ರಿ ಊಟ ಆದಮೇಲೆ ನಾನು ಅದನ್ನೆಲ್ಲ ಕೂಡಿಸಿ ನೋಟ್‌ಬುಕ್ಕಿನಲ್ಲಿ ಬರೆದಿಡುತ್ತೇನೆ.

ಸರ್ಕಾರ ಸುಮ್ನಿರಲಿ, ಎಲ್ಲ ಮಾರುಕಟ್ಟೆ ನೋಡಿಕೊಳ್ಳುತ್ತೆ ಅಂದವನು ಅರ್ಥಶಾಸ್ತ್ರಜ್ಞ ಆಡಂ ಸ್ಮಿತ್ ಅಂತ ನಮ್ಮ ನೋಟ್ಸಿನಲ್ಲಿದೆ. ಆದರೆ ಅವನ 1776ರ ಪುಸ್ತಕ 'ವೆಲ್ತ್ ಆಫ್ ನೇಷನ್ಸ್'ನ ಐದನೇ ಭಾಗದಲ್ಲಿ ರಕ್ಷಣೆ, ನ್ಯಾಯ, ರಸ್ತೆ, ಸೇತುವೆ, ಶಾಲೆ ಎಲ್ಲದರ ಹೊಣೆ ಸರ್ಕಾರದ್ದು ಅಂತಾನೆ. ಹಾಗಾದರೆ ದುಡ್ಡು ಎಲ್ಲಿಂದ? ಅಪ್ಪ ಕಟ್ಟುವ ಟೋಲ್ ಅವನ ಲೆಕ್ಕದಲ್ಲಿ ಸರಿಯಾ?

ನಿವೃತ್ತ ಮೇಷ್ಟ್ರು:

ನೋಡಮ್ಮ, ನೀನು ಐದನೇ ಭಾಗ ತೆರೆದಿದ್ದೇ ನನಗೆ ಖುಷಿ. ಎಷ್ಟೋ ಜನ ಶುರುವಿನ ಗುಂಡುಸೂಜಿ ಕಾರ್ಖಾನೆಯ ಉದಾಹರಣೆ ಓದಿ ಪುಸ್ತಕ ಮುಚ್ಚಿಬಿಡುತ್ತಾರೆ.

ಸ್ಮಿತ್ ಪ್ರಕಾರ ದೇಶ ಕಾಯುವ ಖರ್ಚು ಎಲ್ಲರ ತೆರಿಗೆಯಿಂದ ಬರಬೇಕು. ಒಂದೇ ಊರಿಗೆ ಆಗುವ ಕೆಲಸಕ್ಕೆ ಆ ಊರೇ ಕೊಡಬೇಕು. ಲಂಡನ್ನಿನ ಬೀದಿದೀಪಕ್ಕೆ ಲಂಡನ್ನಿನವರೇ ಕೊಡಲಿ ಅಂತಾನೆ. ರಸ್ತೆ, ಸೇತುವೆ, ಕಾಲುವೆಗೆ ಬಳಸುವವರಿಂದ ಸುಂಕ, ಅದೂ ತೂಕಕ್ಕೆ ತಕ್ಕಂತೆ. ಭಾರದ ಗಾಡಿ ರಸ್ತೆಯನ್ನು ಜಾಸ್ತಿ ಸವೆಸುತ್ತೆ ಅಲ್ವಾ?

ಗಾಡಿಯವನು ಸುಂಕವನ್ನು ಮೊದಲು ತನ್ನ ಕೈಯಿಂದ ಕಟ್ಟುತ್ತಾನೆ, ಕೊನೆಗೆ ಅದು ಸಾಮಾನಿನ ಬೆಲೆಗೆ ಸೇರುತ್ತೆ. ಆದರೂ ಒಳ್ಳೇ ರಸ್ತೆಯಿಂದ ಸಾಗಣೆ ಖರ್ಚು ಸುಂಕಕ್ಕಿಂತ ಜಾಸ್ತಿ ಇಳಿಯುತ್ತೆ. ಹಾಗಾಗಿ ಕೊಳ್ಳುವವನಿಗೂ ಲಾಭ. ಇನ್ನೊಂದು ಮಾತು ನನಗೆ ತುಂಬ ಇಷ್ಟ: ಶ್ರೀಮಂತರ ಸಾರೋಟಿನ ಮೇಲೆ ತೂಕದ ಲೆಕ್ಕಕ್ಕಿಂತ ಸ್ವಲ್ಪ ಹೆಚ್ಚು ಸುಂಕ ಹಾಕಿದರೆ ಬಡವರಿಗೆ ಬೇಕಾದ ಸಾಮಾನು ಅಗ್ಗದಲ್ಲಿ ಸಾಗುತ್ತೆ ಅಂತಾನೆ.

ರಸ್ತೆ ಕೆಲಸದವನು:

ಸ್ಮಿತ್ ಹೇಳುವ ಕಾಲುವೆಯ ಕಥೆ ಬಿಡಬೇಡಿ. ದಕ್ಷಿಣ ಫ್ರಾನ್ಸಿನ ಲಾಂಗ್‌ಡಾಕ್ ಕಾಲುವೆ 1681ರಲ್ಲಿ ಮುಗಿಯಿತು. ಅದರ ಸುಂಕದ ಹಕ್ಕನ್ನು ಕಾಲುವೆ ಕಟ್ಟಿಸಿದ ರಿಕೆಯ ಮನೆತನಕ್ಕೇ ಕೊಟ್ಟರು. ಹೂಳು ತುಂಬಿದರೆ ದೋಣಿ ಹೋಗಲ್ಲ. ದೋಣಿ ಹೋಗದಿದ್ದರೆ ಸುಂಕವೇ ಇಲ್ಲ. ಅದಕ್ಕೇ ಆ ಮನೆಯವರು ಬಿಡದೆ ರಿಪೇರಿ ಮಾಡಿಸುತ್ತಿದ್ದರು.

ರಸ್ತೆ ಹಾಗಲ್ಲ. ಗುಂಡಿ ಬಿದ್ದರೂ ಗಾಡಿ ಕುಲುಕುತ್ತ ಹೋಗಲೇಬೇಕು, ಸುಂಕ ಬರುತ್ತಲೇ ಇರುತ್ತೆ. ಅದಕ್ಕೇ ರಸ್ತೆ ಸುಂಕ ಖಾಸಗಿಯವರ ಸ್ವತ್ತಾಗಬಾರದು, ಅದನ್ನು ನೋಡಿಕೊಳ್ಳಲು ನೇಮಿಸಿದ ಟ್ರಸ್ಟಿಗಳ ಕೈಯಲ್ಲಿರಲಿ ಅಂದ ಸ್ಮಿತ್. ಹಾಗಂತ ಟ್ರಸ್ಟಿಗಳನ್ನು ಪೂರ್ತಿ ನಂಬಲಿಲ್ಲ. ಇಂಗ್ಲೆಂಡಿನ ಎಷ್ಟೋ ಸುಂಕದ ಕಟ್ಟೆಗಳಲ್ಲಿ ಬೇಕಾದ್ದರ ಎರಡರಷ್ಟಕ್ಕಿಂತ ಜಾಸ್ತಿ ವಸೂಲಾಗುತ್ತೆ, ಕೆಲಸ ಮಾತ್ರ ಕಾಟಾಚಾರಕ್ಕೆ ಅನ್ನೋ ದೂರನ್ನೂ ಬರೆದಿದ್ದಾನೆ.

ನಾನು 22 ವರ್ಷ ರಸ್ತೆ ರಿಪೇರಿ ಮಾಡಿಸಿದವನು. ಮಳೆಗೆ ಮುಂಚೆ ಪಕ್ಕದ ಚರಂಡಿ ಬಿಡಿಸದಿದ್ದರೆ ನೀರು ಅಂಚಿನಿಂದ ಒಳಗೆ ಇಳಿದು ಡಾಂಬರು ಹಪ್ಪಳದ ಹಾಗೆ ಏಳುತ್ತೆ. ಆ ವರ್ಷದ ವಸೂಲಿಯಲ್ಲಿ ಮಾತ್ರ ಒಂದು ರೂಪಾಯಿಯೂ ಕಡಿಮೆಯಾಗಲ್ಲ.

ಸರ್ಕಾರಿ ಶಾಲೆ ಟೀಚರ್:

ಶಾಲೆ ವಿಷಯದಲ್ಲಿ ಅವನು ಹೇಳೋದೇ ಬೇರೆ. ಮೇಷ್ಟ್ರ ಸಂಬಳದಲ್ಲಿ ಒಂದು ಪಾಲು ಸರ್ಕಾರದ್ದು, ಉಳಿದದ್ದು ಕೂಲಿಯವರಿಗೂ ಕೈಗೆಟಕುವ ಫೀಸಿನಿಂದ. ಪೂರ್ತಿ ಸರ್ಕಾರವೇ ಕೊಟ್ಟರೆ ಮೇಷ್ಟ್ರು ಕೆಲಸ ಕಡೆಗಣಿಸುತ್ತಾರೆ ಅಂತಾನೆ. 14 ವರ್ಷದಿಂದ ಪಾಠ ಮಾಡುತ್ತಿರುವ ನಾನು ಇದನ್ನು ಒಪ್ಪಲ್ಲ. ಫೀಸು ಎಷ್ಟೇ ಚಿಕ್ಕದಿರಲಿ, ಮೊದಲು ಶಾಲೆ ಬಿಡೋದು ಮನೆಯ ಹೆಣ್ಣುಮಗು.

ಬಿ.ಎ. ಕೊನೇ ವರ್ಷ:

ಎಲ್ಲರಿಗೂ ಥ್ಯಾಂಕ್ಸ್. ಸಾರೋಟಿನ ಮಾತನ್ನು ಅಪ್ಪನಿಗೆ ಓದಿ ಹೇಳಿದೆ. ಅವರು ಕೇಳಿದ್ದು ಇದು: "ಈರುಳ್ಳಿ ಭಾರ, ಬೆಲೆ ಕಡಿಮೆ. ಮೊಬೈಲ್ ಡಬ್ಬಿ ಹಗುರ, ಬೆಲೆ ಜಾಸ್ತಿ. ತೂಕ ನೋಡಿ ಸುಂಕ ಹಾಕಿದರೆ ಈರುಳ್ಳಿ ತಿನ್ನೋರಿಗೇ ಹೊಡೆತ ಅಲ್ವಾ?" ಮೇಷ್ಟ್ರೇ, ಇದಕ್ಕೆ ಸ್ಮಿತ್ ಏನಂತಾನೆ?

ನಿವೃತ್ತ ಮೇಷ್ಟ್ರು:

ನಿಮ್ಮಪ್ಪ ಕೇಳಿದ್ದನ್ನೇ ಸ್ಮಿತ್ ಕೂಡ ಬರೆದಿದ್ದಾನಮ್ಮ. ರಸ್ತೆ ರಿಪೇರಿಗಷ್ಟೇ ಆದರೆ ತೂಕದ ಸುಂಕ ನ್ಯಾಯ, ಯಾಕಂದರೆ ಸವೆಸಿದವನೇ ಕೊಡುತ್ತಾನೆ. ಅದೇ ಸುಂಕವನ್ನು ಏರಿಸಿ ಸರ್ಕಾರದ ಬೇರೆ ಖರ್ಚಿಗೆ ಬಳಸಿದರೆ ಅನ್ಯಾಯ. ಆಗ ಹೊರೆ ಬೀಳೋದು ಭಾರದ, ಅಗ್ಗದ ಸಾಮಾನಿನ ಮೇಲೆ. ಅಂದರೆ ಬಡವರ ಮೇಲೆ. ಐದನೇ ಭಾಗ, ಮೊದಲ ಅಧ್ಯಾಯ, ಮೂರನೇ ವಿಭಾಗ ತೆಗೆದು ಅದನ್ನೂ ಅಪ್ಪನಿಗೆ ಓದಿ ಹೇಳು. ಅವರು ಏನಂದರು ಅಂತ ಇಲ್ಲಿ ಬರೆಯೋದು ಮರೀಬೇಡ.